ಬುಧವಾರದ ಚಳಿಯ ಬೆನ್ನುಹತ್ತಿದ ವೆರ್ನಾ

ನಸುಕಿನ ಏಳು ಗಂಟೆ. ವೆರ್ನಾ ಓಯಾಲಾ ಮಂಡಿಯೂರಿ ಕೂತು ಮಕ್ಕಳ ಕುರ್ಚಿಯೊಂದರ ಕಾಲಿಗೆ ಉಷ್ಣಮಾಪಕ ಕಟ್ಟುತ್ತಿದ್ದಾರೆ. ಗಡಿಯಾರದ ಮುಖದಂಥ ಅಗ್ಗದ ಮಾಪಕ, ಕೆಂಪು ಉಣ್ಣೆ ದಾರ, ಎರಡು ಸುತ್ತು, ಒಂದು ಗಂಟು. ಹೊರಗೆ ಹಿಮ ಗೋರುವ ಗಾಡಿ ರಸ್ತೆಯುದ್ದಕ್ಕೂ ಗೊಣಗುತ್ತಾ ಹೋಗುತ್ತಿದೆ. ಕೋಣೆಯ ದೀಪ ಹಾಕಲೇ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಹಣೆಗೆ ಕಟ್ಟಿದ ಟಾರ್ಚ್ ಅವರಿಗೆ ಸಾಕು.

“ಮಕ್ಕಳ ಮೂಗು ಇರೋದು ಇಷ್ಟೆತ್ತರದಲ್ಲಿ,” ಎಂದು ನೆಲದಿಂದ ಒಂದು ಗೇಣು ಮೇಲೆ ಬೆರಳಿಟ್ಟು ತೋರಿಸುತ್ತಾರೆ. “ಮಧ್ಯಾಹ್ನ ಇಲ್ಲೇ ಚಾಪೆ ಮೇಲೆ ಮಲಗ್ತಾವಲ್ಲ. ನನ್ನ ಮೂಗಿಗೆ ಬೆಚ್ಚಗಿದ್ರೆ ಅವಕ್ಕೇನು ಬಂತು?” ಹಾಗೆನ್ನುತ್ತಲೇ ಎದ್ದು, ಮಂಡಿಗೆ ಒಂದು ಬೈಗುಳ ಕೊಟ್ಟು, ಎರಡನೆಯ ಮಾಪಕ ಹಿಡಿದು ಅಡುಗೆಮನೆಗೆ ಹೊರಡುತ್ತಾರೆ. ಒಟ್ಟು ಐದು ಮಾಪಕಗಳಿವೆ. ಐದಕ್ಕೂ ಜಾಗ ಆಗುವವರೆಗೆ ಕಾಫಿಯನ್ನೂ ಮುಟ್ಟುವುದಿಲ್ಲ, ಅದೂ ಕಾಫಿ ಇಲ್ಲದೆ ಒಂದು ಮಾತೂ ಹೊರಡದ ಈ ಊರಿನಲ್ಲಿ.

ಮನೆ ಜನೆಲ್ ರೌಟಿಯೊ ಅವರದು. ಊರು ಶಾಫ್ಟ್ ಫೋರ್. ತಾಮ್ರದ ಗಣಿ ಮುಚ್ಚಿ ಎರಡು ತಲೆಮಾರು ಕಳೆದರೂ ಗಣಿಬಾಯಿಯ ಸಂಖ್ಯೆಯೇ ಊರಿನ ಹೆಸರಾಗಿ ಉಳಿದಿದೆ. ಜನೆಲ್ ಮನೆಯ ಮುಂಗೋಣೆಯಲ್ಲಿ ಆರು ಮಕ್ಕಳ ಶಿಶುವಿಹಾರ ನಡೆಸುತ್ತಾರೆ. ಸುತ್ತ ಇಪ್ಪತ್ತು ಮೈಲಿಯಲ್ಲಿ ಇನ್ನೊಂದಿಲ್ಲ. ಆರು ಮಕ್ಕಳ ತಾಯಂದಿರಲ್ಲಿ ಇಬ್ಬರು ಆಸ್ಪತ್ರೆಯಲ್ಲಿ, ಒಬ್ಬರು ಶಾಲಾ ಬಸ್ಸಿನಲ್ಲಿ, ಉಳಿದವರು ಅಂಗಡಿ ಮುಂಗಟ್ಟುಗಳಲ್ಲಿ ದುಡಿಯುವವರು. ಈ ಬಾಗಿಲು ಮುಚ್ಚಿದರೆ ಆರು ಮನೆಯಲ್ಲಿ ಯಾರಾದರೊಬ್ಬರು ಕೆಲಸ ಬಿಟ್ಟು ಕೂರಬೇಕು.

ಬಾಗಿಲು ಮುಚ್ಚುವ ಮಾತು ಸುಮ್ಮನೆ ಬಂದದ್ದಲ್ಲ. ಮಕ್ಕಳ ಕೋಣೆ ಅರವತ್ತೈದು ಡಿಗ್ರಿಗಿಂತ ಕೆಳಗಿಳಿಯಕೂಡದು ಎಂಬುದು ಲೈಸೆನ್ಸಿನ ನಿಯಮ. ಇಲ್ಲಿ ಎಲ್ಲರೂ ಫ್ಯಾರನ್‌ಹೀಟಿನಲ್ಲೇ ಮಾತಾಡುವುದು; ಅರವತ್ತೈದೆಂದರೆ ನಮ್ಮ ಹದಿನೆಂಟು. ಮೂರು ವಾರದ ಹಿಂದೆ, ಒಂದು ಬುಧವಾರ ಮಧ್ಯಾಹ್ನ, ಪರಿಶೀಲಕರು ಬಂದಾಗ ಮಕ್ಕಳ ಕೋಣೆಯಲ್ಲಿ ಇದ್ದದ್ದು ಐವತ್ತೆಂಟು, ಅಂದರೆ ನಮ್ಮ ಹದಿನಾಲ್ಕು. ಮಕ್ಕಳು ಕೋಟು ಹಾಕಿಕೊಂಡೇ ನಿದ್ದೆ ಮಾಡುತ್ತಿದ್ದರು. ಮೂವತ್ತು ದಿನದೊಳಗೆ ಹೇಳದೆ ಕೇಳದೆ ಇನ್ನೊಮ್ಮೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಲೈಸೆನ್ಸ್ ರದ್ದು ಎಂದು ಬರೆದುಕೊಟ್ಟು ಹೋದರು. ಇನ್ನು ಒಂಬತ್ತು ದಿನ ಉಳಿದಿದೆ.

ಬಿಸಿ ಎಷ್ಟಿರಬೇಕೆಂದು ನೋಡಿಕೊಳ್ಳುವ ಥರ್ಮೋಸ್ಟಾಟನ್ನು ಆ ಮನೆಗೆ ಆರಿಸಿ ತಂದದ್ದು ವೆರ್ನಾ. ಕಳೆದ ನವೆಂಬರಿನಲ್ಲಿ ಅದನ್ನು ಗೋಡೆಗೆ ಕೂರಿಸಿದ್ದೂ ಅವರೇ.

“ತಪ್ಪು ನಂದು,” ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ. “ಎಲ್ಲಿ ತಪ್ಪಿದ್ದೀನಿ ಅಂತ ಮಾತ್ರ ಗೊತ್ತಿಲ್ಲ. ಗೊತ್ತಾಗೋವರೆಗೂ ಇವತ್ತು ಈ ಮನೆಯಿಂದ ಏಳಲ್ಲ.”

ವೆರ್ನಾಗೆ ಅರವತ್ತೊಂದು. ಜಿಲ್ಲೆಯ ಇಂಧನ ಉಳಿತಾಯ ಕಚೇರಿಯ ಪರವಾಗಿ ಮನೆಮನೆಗೆ ಹೋಗಿ, ಅಲ್ಲಿಗೆ ಯಾವ ಥರ್ಮೋಸ್ಟಾಟ್ ಒಗ್ಗುತ್ತದೆಂದು ನೋಡಿ, ತಂದು, ಕೂರಿಸಿ, ಮನೆಯವರಿಗೆ ಕಲಿಸಿಕೊಟ್ಟು ಬರುವುದು ಅವರ ಕೆಲಸ. ಹದಿನಾಲ್ಕು ಚಳಿಗಾಲ ಇದನ್ನೇ ಮಾಡಿದ್ದಾರೆ. ದಿನಕ್ಕೆ ಎರಡು ಮನೆಯ ಲೆಕ್ಕದಲ್ಲಿ ಇದುವರೆಗೆ ಎರಡು ಸಾವಿರದ ಆರುನೂರು ಚಿಲ್ಲರೆ ಮನೆಗಳಾಗಿವೆ. ಜೊತೆಯವರು ದಿನಕ್ಕೆ ಐದು ಮನೆ ಮುಗಿಸುತ್ತಾರೆ. ಈ ವರ್ಷ ಇಲ್ಲಿವರೆಗೆ ಬಿದ್ದ ಹಿಮ ಹದಿನೆಂಟು ಅಡಿ. ಗಾಡಿಯಲ್ಲಿ ಸಲಿಕೆ, ಒಂದು ಮೂಟೆ ಮರಳು, ಕಂಬಳಿ ಯಾವಾಗಲೂ ಇರುತ್ತವೆ. ಒಣಗಿದ ಕಾಲುಚೀಲ ಮಾತ್ರ ಆರು ಜೊತೆ. ಹೊಸಿಲಲ್ಲಿ ಬೂಟು ಬಿಚ್ಚದೆ ಇಲ್ಲಿ ಯಾರ ಮನೆಯೊಳಗೂ ಕಾಲಿಡುವಂತಿಲ್ಲ. “ನನ್ನ ಅರ್ಧ ಆಯಸ್ಸು ಬೂಟು ಬಿಚ್ಚಿ ಹಾಕೋದ್ರಲ್ಲೇ ಹೋಯ್ತು,” ಎನ್ನುತ್ತಾರೆ.

ಈ ಹೆಂಗಸಿನ ಪರಿಚಯ ನನಗಾದದ್ದು ನನ್ನದೇ ಮನೆಯ ಜಗಳದಿಂದ. ಇಲ್ಲಿ ನೆಲೆಸಿ ಹತ್ತೊಂಬತ್ತು ಚಳಿಗಾಲವಾಯಿತು. ಅದರಲ್ಲಿ ಹದಿನೆಂಟನ್ನು ನಾನೂ ನನ್ನ ಗಂಡನೂ ಥರ್ಮೋಸ್ಟಾಟಿನ ಮುಂದೆ ಕಳೆದಿದ್ದೇವೆ. ನಾನು ಎಪ್ಪತ್ತೆರಡಕ್ಕೆ ಏರಿಸುವುದು, ಅವರು ಬೆನ್ನ ಹಿಂದೆ ಬಂದು ಅರವತ್ತಾರಕ್ಕೆ ಇಳಿಸುವುದು. ಜಗಳ ಮುಗಿಯಲಿ ಎಂದು ಎಲ್ಲಕ್ಕಿಂತ ಜಾಣ ಎನಿಸಿಕೊಂಡ ಯಂತ್ರವೊಂದನ್ನು ತಂದು ಹಾಕಿದೆವು. ಆಮೇಲೆ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಒಬ್ಬರಿಗೊಬ್ಬರು ಕಾಣದಂತೆ ಫೋನಿನಲ್ಲೇ ಏರಿಸಿ ಇಳಿಸತೊಡಗಿದೆವು. ವೆರ್ನಾ ಬಂದವರು ಮೂರು ಲೋಟ ಕಾಫಿ ಕುಡಿದು, ಇಬ್ಬರ ದೂರನ್ನೂ ಕೇಳಿ, “ನಿಮಗೆ ಬೇಕಾಗಿರೋದು ಥರ್ಮೋಸ್ಟಾಟ್ ಅಲ್ಲ, ಪಂಚಾಯಿತಿ,” ಎಂದರು. ಅದನ್ನು ಕಿತ್ತು ಒಂದು ಸಾದಾ ಯಂತ್ರ ಹಾಕಿ, ನನ್ನ ಕುರ್ಚಿಯನ್ನು ಹೊರಗೋಡೆಯ ಕಿಟಕಿ ಬಳಿಯಿಂದ ಒಳಗೋಡೆಗೆ ಎಳೆದು ಹೋದರು. ಅಂದಿನಿಂದ ಅರವತ್ತೆಂಟರಲ್ಲಿ ಮನೆ ನಿಂತಿದೆ, ಸಂಸಾರವೂ ನಿಂತಿದೆ.

ಮೊದಲು ಅವರು ಇದೇ ಊರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಒಂದು ಜನವರಿಯಲ್ಲಿ ಕೊಳವೆ ಒಡೆದು, ನೀರು ನಿಲ್ಲಿಸಲು ಹೊರಗಿನ ಹಿಮಗಟ್ಟಿದ ಕಬ್ಬಿಣದ ಕವಾಟವನ್ನು ಬರಿಗೈಯಲ್ಲಿ ತಿರುಗಿಸಬೇಕಾಯಿತು. ಶಾಲೆ ಉಳಿಯಿತು, ಎಡಗೈಯ ಎರಡು ಬೆರಳಿನ ಸ್ಪರ್ಶ ಹೋಯಿತು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ ಅವರಿಗೆ ನಲವತ್ತೇಳು. ಹೊಸ ಕೆಲಸ ಕಲಿತು ಮನೆಮನೆಯ ಬಾಗಿಲು ತಟ್ಟಿದರೆ, ಹೆಂಗಸನ್ನು ಕಂಡ ಗಂಡಸರು “ಯಾಕೆ, ನಿನ್ನ ಗಂಡ ಬರ್ಲಿಲ್ವಾ?” ಎಂದು ಕೇಳುತ್ತಿದ್ದರಂತೆ. “ಅವನಿಗೆ ಚಳಿ, ಮನೇಲಿದ್ದಾನೆ ಅಂತಿದ್ದೆ. ನಕ್ಕು ಒಳಗೆ ಬಿಡ್ತಿದ್ರು. ಒಳಗೆ ಬಿಟ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವರು ನೋಡಿಕೊಳ್ಳುವ ಕ್ರಮ ಹೀಗೆ. ಮಾಪಕಗಳನ್ನು ಕಟ್ಟಿ ಅಡುಗೆಮನೆಯಲ್ಲಿ ಕೂರುತ್ತಾರೆ. ಒಂದು ಗಂಟೆಗೆ ಕಡಿಮೆ ಎಂದೂ ಏಳುವುದಿಲ್ಲ. ಮೊದಲು ಯಾರು ಏಳುತ್ತೀರಿ, ಹಗಲು ಮನೆಯಲ್ಲಿ ಯಾರಿರುತ್ತೀರಿ, ಅಲ್ಲಾಡದೆ ಕೂರುವ ಜಾಗ ಯಾವುದು ಎಂದು ಕೇಳುತ್ತಾರೆ. ರಾತ್ರಿ ಪಾಳಿಯ ದಾದಿಯ ಮನೆಗೆ ಹೊತ್ತು ಹೊತ್ತಿಗೆ ತಾನೇ ಏರಿ ಇಳಿಯುವ ಯಂತ್ರ ಬೇಕು. ಬಿಸಿನೀರು ಹರಿಯುವ ಹಳೆಯ ಕಬ್ಬಿಣದ ರೇಡಿಯೇಟರುಗಳ ಮನೆಗೆ ಅದು ದಂಡ. ಅಲ್ಲಿ ತಣ್ಣಗಾದದ್ದು ಮತ್ತೆ ಬಿಸಿಯಾಗಲು ಅರ್ಧ ದಿನ ಬೇಕು, ಒಂದೇ ಮಟ್ಟಕ್ಕೆ ಇಟ್ಟು ಬಿಡುವುದೇ ಲೇಸು. ಕೆರೆದಂಡೆಯಲ್ಲಿ ಬೇಸಿಗೆ ಮನೆ ಇಟ್ಟುಕೊಂಡು ಊರಾಚೆ ಇರುವವರಿಗೆ ಫೋನಿನಲ್ಲಿ ಕಾಣುವ ಜಾಣ ಯಂತ್ರ ಸರಿ, ಕೊಳವೆ ಹೆಪ್ಪುಗಟ್ಟುವ ಮೊದಲು ಗೊತ್ತಾದರೆ ಸಾಕು. ಕಣ್ಣು ಮಂಜಾದವರಿಗೆ ದೊಡ್ಡ ಅಂಕಿಯ, ತಿರುಗಿಸುವ ಗುಂಡಿಯದೇ ಆಗಬೇಕು.

“ಥರ್ಮೋಸ್ಟಾಟ್ ಅಂದ್ರೆ ಒಂದು ಸ್ವಿಚ್ಚು ಅಷ್ಟೇ,” ಎನ್ನುತ್ತಾರೆ. “ಎಷ್ಟೇ ಜಾಣ ಆಗಿರ್ಲಿ, ಅದಕ್ಕೆ ಮನೆ ಗೊತ್ತಿರಲ್ಲ. ತಾನು ಕೂತಿರೋ ಗೋಡೆ ಒಂದೇ ಗೊತ್ತು.”

ಇದು ಗೊತ್ತಿದ್ದೂ ವೆರ್ನಾ ಜನೆಲ್ ಮನೆಯಲ್ಲಿ ಎಡವಿದರು. ಆ ನವೆಂಬರಿನಲ್ಲಿ ಕಚೇರಿ ಎಲ್ಲ ಮನೆಗೂ ಒಂದೇ ಬಗೆಯ ಜಾಣ ಯಂತ್ರ ಹಂಚುವ ಹೊಸ ಯೋಜನೆ ತಂದಿತ್ತು. ಆ ಯಂತ್ರಕ್ಕೆ ಹೆಚ್ಚಿಗೆ ಒಂದೆಳೆ ತಂತಿ ಬೇಕು. ಮುಂಗೋಣೆಯಲ್ಲಿದ್ದ ಹಳೆಯ ಥರ್ಮೋಸ್ಟಾಟಿಗೆ ಇದ್ದದ್ದು ಎರಡೇ ಎಳೆ. ಬಿಸಿ ಗಾಳಿ ಊದುವ ಫರ್ನೇಸ್ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿಂದ ಹೊಸ ತಂತಿಯನ್ನು ನಡುಮನೆಯಲ್ಲಿ ಕೋಣೆಗಳ ನಡುವೆ ಹಾಯುವ ಓಣಿಯ ಗೋಡೆಗೆ ಎಳೆಯುವುದು ಹತ್ತು ನಿಮಿಷದ ಕೆಲಸ, ಮುಂಗೋಣೆಗೆ ಎಳೆಯುವುದು ಅರ್ಧ ದಿನದ್ದು. ಅಂದು ಮೂರನೆಯ ಮನೆ ಬೇರೆ ಕಾಯುತ್ತಿತ್ತು. ಓಣಿಯ ಗೋಡೆಗೇ ಕೂರಿಸಿದರು. ಅದು ಮಂಗಳವಾರ. ಎಲ್ಲ ಕೋಣೆಯೂ ಸರಿಯಾಗಿ ಬಿಸಿಯಾಯಿತು, ಸಹಿ ಮಾಡಿಸಿಕೊಂಡು ಹೋದರು.

ತಮಾಷೆ ಎಂದರೆ, ಕಚೇರಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಈಗ ರೌಟಿಯೊ ಮನೆಯೇ ಎಲ್ಲಕ್ಕಿಂತ ಮೇಲೆ. ಮೂರು ತಿಂಗಳಲ್ಲಿ ನೂರಕ್ಕೆ ಮೂವತ್ತೊಂದರಷ್ಟು ಅನಿಲ ಉಳಿತಾಯ. ಮೇಲಧಿಕಾರಿ ಡ್ವೈಟ್ ಅದರ ಪಕ್ಕ ಒಂದು ಬೆಳ್ಳಿ ನಕ್ಷತ್ರ ಅಂಟಿಸಿದ್ದಾರೆ. ಜನೆಲ್ ಎರಡು ಸಲ ಫೋನ್ ಮಾಡಿ ಮಕ್ಕಳಿಗೆ ಚಳಿ ಎಂದರೂ, ಯಂತ್ರ ಎಪ್ಪತ್ತು ದಾಟಿ ತೋರಿಸುತ್ತಿದೆಯಲ್ಲ, ಇನ್ನೇನು ಬೇಕು ಎಂಬ ಉತ್ತರ ಸಿಕ್ಕಿತು. ದೂರು ವೆರ್ನಾವರೆಗೆ ಬಂದದ್ದು ಪರಿಶೀಲಕರು ಬಂದು ಹೋದ ಮೇಲೆ. ನಕ್ಷತ್ರದ ಮಾತೆತ್ತಿದರೆ ಅವರ ಮುಖ ಗಂಟಿಕ್ಕುತ್ತದೆ. “ಅದು ಉಳಿತಾಯ ಅಲ್ಲ, ಉಪವಾಸ. ಉಪವಾಸ ಮಾಡಿಸಿ ಖರ್ಚು ಉಳೀತು ಅನ್ನೋರಿಗೆ ನಾನೇನು ಹೇಳ್ಲಿ?”

ಎಂಟು ಗಂಟೆಗೆಲ್ಲ ಮಕ್ಕಳು ಬರುತ್ತವೆ. ಹಿಮದ ಉಡುಪು ಬಿಚ್ಚಿಸುವುದೇ ಇಪ್ಪತ್ತು ನಿಮಿಷದ ಹಬ್ಬ. ಜನೆಲ್ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಕೊಯ್ದು ನಮ್ಮ ಮುಂದಿಡುತ್ತಾರೆ. ಮೂವತ್ತನಾಲ್ಕರ ಹೆಂಗಸು, ನಗುವುದು ಅಭ್ಯಾಸವಿದ್ದ ಮುಖ, ಈಗ ನಗುವುದಿಲ್ಲ. “ವೆರ್ನಾ, ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ,” ಎನ್ನುತ್ತಾರೆ ಬಟ್ಟಲಿಗೆ ಕಾಫಿ ಸುರಿಯುತ್ತಾ.

“ಇರ್ಲಿ, ಇಟ್ಕೊ. ನಾನಾಗಿದ್ರೂ ಇಟ್ಕೋತಿದ್ದೆ,” ಎನ್ನುತ್ತಾರೆ ವೆರ್ನಾ. “ಆವತ್ತಿನ ಬುಧವಾರ ಯಂತ್ರ ಏನು ತೋರಿಸ್ತು, ಫೋನಲ್ಲಿ ಇನ್ನೊಂದ್ಸಲ ತೋರ್ಸು.”

ಫೋನಿನಲ್ಲಿ ಅಂದಿನ ಬಿಸಿಯ ಏರಿಳಿತದ ಗೆರೆ ಕಾಣುತ್ತದೆ. ಮಧ್ಯಾಹ್ನ ಎರಡರಿಂದ ಫರ್ನೇಸ್ ಒಮ್ಮೆಯೂ ಹೊತ್ತಿಲ್ಲ. ಆದರೂ ಓಣಿ ಎಪ್ಪತ್ನಾಲ್ಕಕ್ಕೆ ಏರಿದೆ. ವೆರ್ನಾ ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ಅದನ್ನೇ ನೋಡುತ್ತಾರೆ. “ಫರ್ನೇಸ್ ಉರಿದಿಲ್ಲ, ಆದ್ರೂ ಬಿಸಿ. ಎಲ್ಲಿಂದ ಬಂತು ಹೇಳು? ಯಾರಾದ್ರೂ ತಂದು ಸುರಿದ್ರಾ?”

ಹತ್ತಕ್ಕೆ ಮಕ್ಕಳ ಕೋಣೆ ಅರವತ್ತೆಂಟು. ಹನ್ನೆರಡಕ್ಕೂ ಅರವತ್ತೆಂಟು. ಊಟವಾಗಿ ಮಕ್ಕಳು ಚಾಪೆ ಮೇಲೆ ಉರುಳುತ್ತವೆ. ಒಂದೂವರೆಗೆ ಡ್ವೈಟ್ ಅವರಿಂದ ಫೋನ್: ಇವತ್ತು ಎಷ್ಟು ಮನೆ ಆಯಿತು? “ಒಂದು. ಅದೂ ಇನ್ನೂ ಆಗಿಲ್ಲ,” ಎಂದು ವೆರ್ನಾ ಇಟ್ಟುಬಿಡುತ್ತಾರೆ. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ, ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಕೆಳಗೆ. ನನಗೆ ಕೂತು ಕೂತು ಬೆನ್ನು ಹಿಡಿದುಕೊಂಡಿದೆ. ಸುಮ್ಮನೆ ಕೂರುವುದೂ ಒಂದು ಕಸುಬು ಎಂದು ಅಂದು ನನಗೆ ಅರ್ಥವಾಗುತ್ತದೆ.

ಎರಡಕ್ಕೆ ಸ್ವಲ್ಪ ಮುಂಚೆ ಜನೆಲ್ ಅವರ ಮಾವ ವೈನೊ ಒಳಗೆ ಬರುತ್ತಾರೆ. ಎಪ್ಪತ್ತೊಂಬತ್ತು ವರ್ಷ, ಕೈಯಲ್ಲಿ ಒಂದು ಹೊರೆ ಬರ್ಚ್ ಸೌದೆ. ಮಕ್ಕಳಿಗೆಲ್ಲ ಅವರು ‘ಪಾಪ್ಪಾ’, ಅಂದರೆ ಅಜ್ಜ. ತುದಿಗಾಲಲ್ಲಿ ಓಣಿ ದಾಟಿ, ನಮ್ಮ ಕಡೆ ತಲೆಯಾಡಿಸಿ, ನೆಲಮಾಳಿಗೆಗೆ ಇಳಿದು ಹೋಗುತ್ತಾರೆ. ವೆರ್ನಾ ತಲೆ ಎತ್ತಿ ನೋಡುವುದೂ ಇಲ್ಲ. ಬುಧವಾರ ಮಧ್ಯಾಹ್ನ ಈ ಕಡೆಯ ಮುದುಕರು ಸೌದೆ ಹೊತ್ತು ನೆಲಮಾಳಿಗೆಗೆ ಇಳಿಯದಿದ್ದರೆ ಅದು ಸುದ್ದಿ. ಬುಧವಾರ, ಶನಿವಾರ ಸೌನಾ, ಅಂದರೆ ಆವಿಸ್ನಾನದ ಕೋಣೆಯ ಒಲೆ, ಹೊತ್ತಿಸುವ ದಿನ. ಕಲ್ಲು ಕಾಯಲು ಮೂರು ಗಂಟೆ ಬೇಕು, ಐದಕ್ಕೆ ಗೆಳೆಯರು ಬರುತ್ತಾರೆ, ಆವಿಯಲ್ಲಿ ಕೂತು ಬೆವರಿಳಿಸುತ್ತಾರೆ. ಮನೆಯಲ್ಲಿ ಸೌನಾ ಇದೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಅಡುಗೆಮನೆ ಇದೆಯೇ ಎಂದು ಯಾರೂ ಕೇಳದ ಹಾಗೆ.

ಎರಡೂವರೆಗೆ ಮಕ್ಕಳ ಕೋಣೆ ಅರವತ್ತಾರು. ಮೂರಕ್ಕೆ ಅರವತ್ತೆರಡು. ಜನೆಲ್ ಮಕ್ಕಳಿಗೆ ಎರಡನೆಯ ಕಂಬಳಿ ಹೊದಿಸುತ್ತಾರೆ. ಓಣಿಯ ಯಂತ್ರ ಮಾತ್ರ ಹಸಿರು ದೀಪ ಹೊತ್ತಿಸಿ, ಎಪ್ಪತ್ತಮೂರು, ನೀವು ಇಂಧನ ಉಳಿಸುತ್ತಿದ್ದೀರಿ ಎಂದು ಬೀಗುತ್ತಿದೆ. ನನಗಂತೂ ಅದರ ಮುಸುಡಿಗೆ ಒಂದು ಬಿಗಿಯಬೇಕೆನಿಸುತ್ತದೆ.

ವೆರ್ನಾ ಎದ್ದು ಹೋಗಿ ಓಣಿಯ ಗೋಡೆಗೆ ಕೆನ್ನೆ ಇಡುತ್ತಾರೆ. ಬೆರಳನ್ನು ನಂಬುವಂತಿಲ್ಲ, ಅದಕ್ಕೇ ಕೆನ್ನೆ. ಒಂದು ಕಡೆ ಇಟ್ಟು, ಒಂದು ಮಾರು ಸರಿದು, ಮತ್ತೆ ಇಡುತ್ತಾರೆ. ಯಂತ್ರದ ಪಕ್ಕಕ್ಕೆ ಬಂದಾಗ ಹಾಗೇ ನಿಂತುಬಿಡುತ್ತಾರೆ. ಕಣ್ಣು ಮುಚ್ಚಿದೆ. ನೆಲಮಾಳಿಗೆಯಿಂದ ಹತ್ತಿ ಬಂದ ವೈನೊ ಈ ನೋಟ ಕಂಡು ಮೆಟ್ಟಿಲಲ್ಲೇ ನಿಲ್ಲುತ್ತಾರೆ.

“ಏನಮ್ಮಾ, ನನ್ನ ಗೋಡೆಗೆ ಮುತ್ತು ಕೊಡ್ತಿದ್ದೀಯಾ?”

“ವೈನೊ, ಈ ಹಲಗೆ ಹಿಂದೆ ಏನಿದೆ?”

“ಏನಿದೆ, ಗೋಡೆ.”

“ಗೋಡೆ ಹಿಂದೆ?”

ವೈನೊ ಕೈಗಂಟಿದ ಸೌದೆಯ ಚೂರು ಕೊಡವಿಕೊಳ್ಳುತ್ತಾ ಯೋಚಿಸುತ್ತಾರೆ. “ನನ್ನ ಹೊಗೆಗೂಡು. ಸೌನಾ ಒಲೆದು. ಎಲ್ಲರದ್ದೂ ಹೊರಗೋಡೆಗೆ ಇರುತ್ತೆ, ಬಿಸಿಯೆಲ್ಲ ಹೊರಗೆ ದಂಡ. ನಾನು ಎಪ್ಪತ್ತೆಂಟನೇ ಇಸವೀಲಿ ಮನೆ ನಡುವೆ ಕಟ್ಟಿದೆ. ಒದ್ದೆ ಕೈಗವಸು ಇಲ್ಲಿ ನೇತು ಹಾಕಿದ್ರೆ ಒಂದು ಗಂಟೇಲಿ ಒಣಗೋದು. ಇಟ್ಟಿಗೆ ಒಂದೊಂದೂ ನಾನೇ ಇಟ್ಟಿದ್ದು.” ಹೆಮ್ಮೆಯಿಂದಲೇ ಶುರುವಾದ ಮಾತು. ಮುಗಿಯುವ ಹೊತ್ತಿಗೆ ಅವರ ಕಣ್ಣು ಗೋಡೆಯ ಯಂತ್ರದ ಮೇಲೆ ಬಿದ್ದಿದೆ, ಅಲ್ಲಿಂದ ಮಕ್ಕಳ ಕೋಣೆಯ ಬಾಗಿಲಿಗೆ ಹೋಗಿದೆ. ಮುದುಕರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ.

ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹೊತ್ತಿದರೆ ಗೋಡೆ ಬಿಸಿ, ಗೋಡೆ ಬಿಸಿಯಾದರೆ ಮನೆಯೇ ಬಿಸಿ ಎಂದು ಯಂತ್ರದ ನಂಬಿಕೆ, ಫರ್ನೇಸ್ ಬಂದ್. ಶನಿವಾರವೂ ಹೀಗೇ ಆಗುತ್ತಿತ್ತು, ಅಂದು ಮಕ್ಕಳಿಲ್ಲ, ಕೆರೆ ಕಡೆಯ ಗಾಳಿ ಎಂದು ಮನೆಯವರು ಸುಮ್ಮನಿದ್ದರು.

“ಬುಧವಾರ ಅಂದಾಗ್ಲೇ ಹೊಳೀಬೇಕಿತ್ತು ನನಗೆ,” ಎನ್ನುತ್ತಾರೆ ವೆರ್ನಾ. ದನಿಯಲ್ಲಿ ಗೆದ್ದ ಖುಷಿಯಿಲ್ಲ. “ಹುಟ್ಟಿದಾಗಿಂದ ಬುಧವಾರ ಬುಧವಾರ ಸೌನಾದಲ್ಲಿ ಕೂತಿರೋಳು ನಾನು. ಬೇರೆ ಊರೋರು ಯಾರಾದ್ರೂ ಬಂದಿದ್ರೆ ಮೊದಲ ದಿನಾನೇ ಕೇಳಿರೋರು, ಆ ಮುದುಕ ಸೌದೆ ಹೊತ್ಕೊಂಡು ಎಲ್ಲಿಗೆ ಹೋಗ್ತಾನೆ ಅಂತ.”

ವೈನೊ ತಲೆ ಎತ್ತುವುದಿಲ್ಲ. “ಬುಧವಾರದ್ದು ಬಿಟ್ಟೆ. ಇವತ್ತೇ ಕೊನೆ. ಶನಿವಾರ ಒಂದಿದ್ರೆ ಸಾಕು.”

“ಯಾರೂ ಏನೂ ಬಿಡಬೇಕಾಗಿಲ್ಲ. ನಿಮ್ಮ ಹೊಗೆಗೂಡು ಎಲ್ಲಿರಬೇಕೋ ಅಲ್ಲೇ ಇದೆ. ಇಲ್ಲಿ ಇರಬಾರದ್ದು ಇದು,” ಎಂದು ವೆರ್ನಾ ಯಂತ್ರದ ಹಸಿರು ದೀಪದ ಮೇಲೆ ಬೆರಳಿಡುತ್ತಾರೆ. “ಸುಲಭ ಅಂತ ಇಲ್ಲಿ ಹಾಕಿದೋಳು ನಾನು. ಒಂದು ಸ್ಕ್ರೂಡ್ರೈವರ್ ಕೊಡಿ.”

ಅದನ್ನು ಕೀಳಬೇಕಾದರೆ ಕಚೇರಿಗೆ ಹೇಳಬೇಕು. ಹೇಳುತ್ತಾರೆ. ಯೋಜನೆಯ ಯಂತ್ರ ಒಂದು ವರ್ಷ ಗೋಡೆಯ ಮೇಲಿರಬೇಕು, ಕಿತ್ತರೆ ಆ ಮನೆಯ ಉಳಿತಾಯವೆಲ್ಲ ಪಟ್ಟಿಯಿಂದ ಹೋಗುತ್ತದೆ, ನಿನ್ನ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ ಎಂದು ಡ್ವೈಟ್ ವಿವರಿಸುವುದು ಫೋನಿನಿಂದಾಚೆಗೂ ಕೇಳಿಸುತ್ತದೆ. ಒರಟು ಮನುಷ್ಯರಲ್ಲ, ಅವರ ತಲೆಯ ಮೇಲೂ ಒಂದು ಪಟ್ಟಿಯಿದೆ. ವೆರ್ನಾ ಪೂರ್ತಿ ಕೇಳಿಸಿಕೊಂಡು, “ಕೆಂಪು ಪೆನ್ನು ಸಿಗದಿದ್ರೆ ಹೇಳು, ನನ್ನ ಹತ್ರ ಇದೆ,” ಎಂದು ಮೊದಲ ತಿರುಪು ಬಿಚ್ಚುತ್ತಾರೆ.

ಗಾಡಿಯಿಂದ ಅವರು ಆರಿಸಿ ತರುವುದು ಬ್ಯಾಟರಿಯಲ್ಲಿ ನಡೆಯುವ ಒಂದು ಸಾದಾ ಥರ್ಮೋಸ್ಟಾಟ್. ಫೋನಿನ ಜೊತೆ ಮಾತಾಡುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ. ದಿನಕ್ಕೆ ನಾಲ್ಕು ಸಲ ಹೇಳಿದ ಹೊತ್ತಿಗೆ ಹೇಳಿದ ಡಿಗ್ರಿಗೆ ಹೋಗುತ್ತದೆ, ಅಷ್ಟೇ. ಅದಕ್ಕೆ ಎರಡೇ ಎಳೆ ತಂತಿ ಸಾಕು, ಮತ್ತು ಆ ಎರಡೆಳೆ ಮುಂಗೋಣೆಯ ಒಳಗೋಡೆಯಲ್ಲಿ ಚಿತ್ರಪಟದ ಹಿಂದೆ ಹಾಗೇ ಉಳಿದಿದೆ. ನವೆಂಬರಿನಲ್ಲೇ ಇದನ್ನು ಹಾಕಿದ್ದರೆ ಹತ್ತು ನಿಮಿಷವೂ ಆಗುತ್ತಿರಲಿಲ್ಲ. ಮಕ್ಕಳ ಎತ್ತರಕ್ಕೆ ಕೂರಿಸುತ್ತಾರೆ. ಅವು ತಿರುಗಿಸದಂತೆ ವೈನೊ ಕೂತಲ್ಲೇ ಒಂದು ಮರದ ಜಾಲರಿ ಮಾಡಿಕೊಡುತ್ತಾರೆ. ಕೈಗೊಂದು ಕೆಲಸ ಸಿಕ್ಕಿದ್ದರಿಂದ ಅವರ ಮುಖ ಸ್ವಲ್ಪ ತಿಳಿಯಾಗುತ್ತದೆ. ಶಿಶುವಿಹಾರದ ಹೊತ್ತಿನಲ್ಲಿ ಅರವತ್ತೆಂಟು, ರಾತ್ರಿಗೆ ಅರವತ್ತೆರಡು, ರಜೆಯ ಹಗಲು ಅರವತ್ತನಾಲ್ಕು. ನಾಲ್ಕೂವರೆಗೆ ಫರ್ನೇಸ್ ಗುಡುಗಿ ಹೊತ್ತಿಕೊಳ್ಳುತ್ತದೆ. ಸೌನಾ ಆಗಲೂ ಉರಿಯುತ್ತಿದೆ.

ಅಲ್ಲಿಗೆ ಮುಗಿಯಿತೆಂದು ನಾನು ಕೋಟು ಹಾಕಿಕೊಳ್ಳುತ್ತಿದ್ದೇನೆ. ಜನೆಲ್ ಬಾಗಿಲಿಗೆ ಅಡ್ಡ ನಿಂತು, “ಪರಿಶೀಲಕರು ಬಂದು ಹೋಗೋವರೆಗೂ ಸೌನಾ ಬೇಡ,” ಎನ್ನುತ್ತಾರೆ. ಮುಂದಿನ ಬುಧವಾರ ಗಡುವಿನ ಒಳಗೇ ಬೀಳುತ್ತದೆ. ವೈನೊ ಆಗಲೇ ಒಪ್ಪಿ ತಲೆಯಾಡಿಸುತ್ತಿದ್ದಾರೆ. ವೆರ್ನಾ ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸುತ್ತಾರೆ.

“ಸೌನಾ ಆರಿಸಿಟ್ಟು ಪಾಸಾಗ್ಬಹುದು. ಅದರ ಮುಂದಿನ ಬುಧವಾರ ಕೋಣೆ ತಣ್ಣಗಾದ್ರೆ ಗೊತ್ತಾಗೋದು ಯಾರಿಗೆ? ಚಾಪೆ ಮೇಲೆ ಮಲಗಿರೋ ಆರು ಮಕ್ಕಳಿಗೆ. ಅವು ಫೋನ್ ಮಾಡಲ್ಲ.”

“ಲೈಸೆನ್ಸ್ ನಂದು, ವೆರ್ನಾ. ಹೋದ್ರೆ ಹೋಗೋದು ನಂದು.”

“ಹೌದು, ನಿಂದೇ. ಅದಕ್ಕೇ ನೀನೇ ಹೇಳ್ಬೇಕು. ಬೇಡ ಅಂದ್ರೆ ಬೇಡ, ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ನನ್ನ ಕೆಲಸದ ಮೇಲೆ ನಂಬಿಕೆ ಇದೆಯಾ ಅಂತ ಕೇಳಿದ್ರೆ, ಈ ಸಲ ಇದೆ.”

ಜನೆಲ್ ಮುಂಗೋಣೆಗೆ ಹೋಗಿ ಹೊಸ ಥರ್ಮೋಸ್ಟಾಟ್ ನೋಡುತ್ತಾರೆ, ಕುರ್ಚಿಯ ಕಾಲಿನ ಮಾಪಕ ನೋಡುತ್ತಾರೆ. ಅರವತ್ತೇಳು, ಏರುತ್ತಿದೆ. ಹಿಂದಿರುಗಿ ಬಂದು ಮಾವನ ಕಡೆ ತಿರುಗಿ, “ಹೊತ್ತಿಸಿ ಪಾಪ್ಪಾ. ಎಂದಿನ ಹಾಗೇ ಎರಡಕ್ಕೆ ಹೊತ್ತಿಸಿ,” ಎನ್ನುತ್ತಾರೆ. ಆ ಕ್ಷಣ ಆಕೆಯ ಮೇಲೆ ನನಗೆ ಹುಟ್ಟಿದ ಗೌರವವನ್ನು ಮುಚ್ಚಿಡಲಾರೆ.

ವೆರ್ನಾ ಎಲ್ಲ ಮನೆಯ ಫರ್ನೇಸಿಗೂ ಒಂದು ಸಣ್ಣ ಎಣಿಕೆ ಯಂತ್ರ ಸಿಕ್ಕಿಸಿರುತ್ತಾರೆ, ದಿನಕ್ಕೆ ಎಷ್ಟು ಗಂಟೆ ಉರಿಯಿತೆಂದು ತಿಳಿಯಲು. ಹಳೆಯ ಥರ್ಮೋಸ್ಟಾಟಿನ ಕಾಲದಲ್ಲಿ ಹಗಲೂ ರಾತ್ರಿ ಎಪ್ಪತ್ತೆರಡಕ್ಕೆ ಇಟ್ಟು ಜನೆಲ್ ಮನೆಯ ಫರ್ನೇಸ್ ಹದಿಮೂರು ಗಂಟೆ ಉರಿಯುತ್ತಿತ್ತು. ಜಾಣ ಯಂತ್ರ ಅದನ್ನು ಒಂಬತ್ತಕ್ಕೆ ಇಳಿಸಿತ್ತು. ಈಗ ಹತ್ತೂವರೆ. ಮೊದಲಿಗಿಂತ ಕಡಿಮೆಯೇ ಆದರೂ ಡ್ವೈಟ್ ಕಣ್ಣಿಗೆ ಒಂದೂವರೆ ಗಂಟೆ ನಷ್ಟ. “ಆ ಒಂದೂವರೆ ಗಂಟೆ ಮಕ್ಕಳದ್ದು,” ಎನ್ನುತ್ತಾರೆ ವೆರ್ನಾ. ಕಚೇರಿಯಿಂದ ಏನು ಬಯಸುತ್ತೀರಿ ಎಂದು ಕೇಳಿದರೆ ಹೆಚ್ಚು ಯೋಚಿಸುವುದಿಲ್ಲ. “ಆ ಪಟ್ಟೀಲಿ ಇನ್ನೊಂದು ಕಾಲಂ ಹಾಕ್ಲಿ. ಮನೆಯೋರು ಬೆಚ್ಚಗಿದ್ರಾ ಅಂತ. ಹೌದು, ಇಲ್ಲ, ಅಷ್ಟು ಬರೆದ್ರೆ ಸಾಕು. ನಾಲ್ಕು ವರ್ಷದಿಂದ ಕೇಳ್ತಿದ್ದೀನಿ. ಇನ್ನೂ ನಾಲ್ಕು ವರ್ಷ ಕೇಳ್ತೀನಿ.”

ಮುಂದಿನ ಬುಧವಾರ. ನಾವು ಹದಿನೈದು ಮೈಲಿ ಆಚೆ, ಬಡಗಿಯೊಬ್ಬರ ಅಡುಗೆಮನೆಯಲ್ಲಿ ಕೂತಿದ್ದೇವೆ. ಅದೇ ಐದು ಮಾಪಕ, ಬೇರೆ ಕಾಫಿ. ಎರಡಾಗುತ್ತದೆ, ಎರಡೂವರೆಯಾಗುತ್ತದೆ. ವೆರ್ನಾ ಬಡಗಿಯ ಮಾತಿಗೆ ಹೂಂಗುಟ್ಟುತ್ತಿದ್ದಾರೆ, ಆದರೆ ಮೇಜಿನ ಮೇಲಿನ ಫೋನನ್ನು ಎರಡು ಸಲ ತಿರುಗಿಸಿ ಇಟ್ಟಿದ್ದಾರೆ. ಮೂರೂ ಇಪ್ಪತ್ತಕ್ಕೆ ಅದು ಹೊಡೆದುಕೊಳ್ಳುತ್ತದೆ.

ಜನೆಲ್ ಮಾತು ಮೊದಲು ಅರ್ಥವೇ ಆಗುವುದಿಲ್ಲ, ಅಳುತ್ತಿದ್ದಾರೆ. ವೆರ್ನಾ ಮುಖ ಬಿಳುಚಿಕೊಳ್ಳುತ್ತದೆ. “ನಿಧಾನ. ಉಸಿರು ಬಿಟ್ಟು ಹೇಳು,” ಎನ್ನುತ್ತಾರೆ. ಆಮೇಲೆ ತುಂಡು ತುಂಡಾಗಿ ಬರುತ್ತದೆ. ಪರಿಶೀಲಕರು ಎರಡೂ ಮುಕ್ಕಾಲಿಗೆ ಬಂದರು. ಸೌನಾ ಉರಿಯುತ್ತಿತ್ತು. ಹೊಗೆ ಕಂಡು, ಇದೇನು ಎಂದು ಕೇಳಿದರು. ವೈನೊ ತಾವೇ ಕರೆದುಕೊಂಡು ಹೋಗಿ ಗೋಡೆ ಮುಟ್ಟಿಸಿದರು. ಪರಿಶೀಲಕರು ತಮ್ಮ ಮಾಪಕವನ್ನು ಚಾಪೆಯ ಪಕ್ಕದಲ್ಲಿ ನೆಲದ ಮೇಲೇ ಇಟ್ಟು ಇಪ್ಪತ್ತು ನಿಮಿಷ ಕಾದರು. ಒಂದು ಮಗುವೂ ಏಳಲಿಲ್ಲ. ಕೋಟು ಯಾರ ಮೈಮೇಲೂ ಇರಲಿಲ್ಲ. ಅರವತ್ತೇಳು. ಸಹಿ ಮಾಡಿ ಹೋದರು, ಲೈಸೆನ್ಸ್ ಉಳಿಯಿತು.

ನನ್ನ ಕಣ್ಣೂ ತುಂಬಿದೆ, ಬಡಗಿ ಏನಾಯಿತೆಂದು ತಿಳಿಯದೆ ನನಗೊಂದು ಕರವಸ್ತ್ರ ಕೊಡುತ್ತಿದ್ದಾರೆ. ವೆರ್ನಾ ಮಾತ್ರ ಫೋನನ್ನು ಕಿವಿಗೊತ್ತಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಾರೆ.

“ಅರವತ್ತೇಳಾ?” ಎನ್ನುತ್ತಾರೆ. “ನಾನು ಇಟ್ಟಿದ್ದು ಅರವತ್ತೆಂಟಕ್ಕೆ. ಒಂದು ಡಿಗ್ರಿ ಎಲ್ಲೋ ಸೋರ್ತಿದೆ, ಜನೆಲ್. ಕಿಟಕಿ ಕೆಳಗಿರ್ಬೇಕು. ನಾಳೆ ಬರ್ತೀನಿ.”